ಕ್ಯಾಮ್‌ನಲ್ಲಿ ಮೊದಲ ಮಿಲ್ಲಿಂಗ್ ಪ್ರೋಗ್ರಾಂ: ಯಾವುದನ್ನು ಮೊದಲು ಮಾಡಬೇಕು, ಎಲ್ಲಿ ಕೆಡುತ್ತದೆ

ಕ್ಯಾಮ್ ಅಂದರೆ ಮಿಲ್ಲಿಂಗ್ ಮಷಿನ್‌ಗೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್. ಅದರ ಸಿಮ್ಯುಲೇಶನ್‌ನಲ್ಲಿ ಎಲ್ಲ ಚೆನ್ನಾಗಿರುತ್ತದೆ, ಮಷಿನ್‌ಗೆ ಹಾಕಿದರೆ ಟೂಲ್ ಹೋಗಿ ವೈಸ್‌ಗೆ (ಪೀಸ್ ಹಿಡಿಯುವ ಇಕ್ಕಳ) ಹೊಡೆಯುತ್ತದೆ. ಇಲ್ಲಾ ಪಾಕೆಟ್ ಸೈಜ್ ಬರಲ್ಲ, ಇಲ್ಲಾ ಎರಡನೇ ಸೆಟಪ್‌ನಲ್ಲಿ ಎಲ್ಲವೂ ಪಕ್ಕಕ್ಕೆ ಸರಿದಿರುತ್ತದೆ. ಕಲಿಯುವವರು ಹೇಳುವ ತೊಂದರೆಗಳು ಹೆಚ್ಚುಕಡಿಮೆ ಇವೇ. ಕಾರಣವೂ ಹೆಚ್ಚುಕಡಿಮೆ ಒಂದೇ: ಮಾಡೆಲ್ ತೆರೆದ ಕೂಡಲೇ ಟೂಲ್‌ಪಾತ್ (ಟೂಲ್ ಹೋಗುವ ದಾರಿ) ಬಟನ್ ಒತ್ತುತ್ತಾರೆ, ಜಾಬ್ ಹೇಗೆ ಹಿಡಿಯೋದು ಅಂತ ಕೊನೆಗೆ ಯೋಚಿಸುತ್ತಾರೆ. ಕೆಲಸ ಆಗಬೇಕಾದ್ದು ಇದರ ಉಲ್ಟಾ.

ಇಲ್ಲಿ ಒಂದೇ ಜಾಬ್ ಹಿಡಿದು ಪೂರ್ತಿ ಹೋಗೋಣ. 6061 ಅಲ್ಯೂಮಿನಿಯಂ, ಮುಗಿದ ಅಳತೆ 100 × 60 × 20 ಮಿ.ಮೀ. ಮೇಲೆ ಮಧ್ಯದಲ್ಲಿ 60 × 30 ಪಾಕೆಟ್, ಆಳ 8, ಮೂಲೆಗಳು ಆರ್6 (ತ್ರಿಜ್ಯ 6). ನಾಲ್ಕು ಮೂಲೆಯಲ್ಲಿ ಎಂ6 ಟ್ಯಾಪ್, ಥ್ರೆಡ್ 12 ಆಳ. ಸಾಫ್ಟ್‌ವೇರ್ ಫ್ಯೂಷನ್, ಮಷಿನ್ ಫ್ಯಾನಕ್ ಕಂಟ್ರೋಲ್ ಇರುವ 3 ಆಕ್ಸಿಸ್ ವಿಎಂಸಿ (ಸ್ಪಿಂಡಲ್ ನೆಟ್ಟಗಿರುವ ಸಿಎನ್‌ಸಿ ಮಿಲ್ಲಿಂಗ್ ಮಷಿನ್). ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ನಿಮಗೆ ಜಾಸ್ತಿ ಸಿಗೋದು ಇಂಥದ್ದೇ. ಮಾಸ್ಟರ್‌ಕ್ಯಾಮ್ ಅಥವಾ ಎನ್‌ಎಕ್ಸ್ ಬಳಸುವವರಿಗೆ ಬಟನ್‌ಗಳ ಹೆಸರು ಬೇರೆ ಇರಬಹುದು, ಕ್ರಮ ಇದೇ.

ಫ್ಯೂಷನ್‌ನ ಉಚಿತ ಪರ್ಸನಲ್ ಲೈಸೆನ್ಸ್ ಬಳಸುತ್ತಿದ್ದರೆ ಒಂದು ವಿಷಯ ಮೊದಲೇ ತಿಳಿದಿರಲಿ. 2020ರ ಕೊನೆಯಿಂದ ಅದರಲ್ಲಿ ರ‍್ಯಾಪಿಡ್ ಚಲನೆಗಳು (ಕಡಿಯದೆ ಬೇಗ ಸರಿಯೋದು, ಜಿ0) ಫೀಡ್ ವೇಗದಲ್ಲೇ, ಅಂದರೆ ಕಡಿಯುವ ವೇಗದಲ್ಲೇ ಬರುತ್ತವೆ, ಒಂದೇ ಫೈಲ್‌ನಲ್ಲಿ ಟೂಲ್ ಚೇಂಜ್ ಬರಲ್ಲ. ಜಿ0 ಯಾಕೆ ಬರ್ತಿಲ್ಲ ಅಂತ ಸುಮ್ನೆ ಪೋಸ್ಟ್ ಪ್ರೊಸೆಸರ್ (ಟೂಲ್‌ಪಾತ್ ಅನ್ನು ಮಷಿನ್‌ನ ಜಿ-ಕೋಡ್‌ಗೆ ಬದಲಿಸುವ ಭಾಗ) ಕೆದಕುತ್ತಾ ಕೂರಬೇಡಿ. ಕಲಿಯೋಕೆ ಅದು ಸಾಕು, ಕಾಸಿನ ಕೆಲಸಕ್ಕೆ ಅದನ್ನು ಬಳಸುವಂತಿಲ್ಲ.

## ಕೂರುವ ಮೊದಲು ಕೈಯಲ್ಲಿ ಇರಬೇಕಾದ್ದು

ಡ್ರಾಯಿಂಗ್‌ನ ಪ್ರಿಂಟ್, ಒಂದು ಪೆನ್, ವರ್ನಿಯರ್. ಕಚ್ಚಾ ಪೀಸ್ ಎದುರಿಗೇ ಇರಲಿ. ಸ್ಟೋರಿನವರು 105 × 65 × 28 ಅಂದಿದ್ದನ್ನು ನಂಬಬೇಡಿ, ಅಳೆಯಿರಿ. ವೈಸ್‌ನ ಜಾ (ಹಿಡಿಯುವ ದವಡೆ) ಎತ್ತರ ಎಷ್ಟು, ಯಾವ ಪ್ಯಾರಲಲ್ (ಪೀಸ್ ಕೆಳಗಿಡುವ ಸಮ ಪಟ್ಟಿ) ಇದೆ, ಸ್ಪಿಂಡಲ್ ಗರಿಷ್ಠ ಎಷ್ಟು ಆರ್‌ಪಿಎಂ ಓಡುತ್ತದೆ, ಯಾವ ಟೂಲ್‌ಗಳು ನಿಜಕ್ಕೂ ಡ್ರಾಯರ್‌ನಲ್ಲಿವೆ ಅನ್ನೋದನ್ನ ಬರೆದುಕೊಳ್ಳಿ. ಸಾಫ್ಟ್‌ವೇರ್ ಲೈಬ್ರರಿಯಲ್ಲಿ ಇರುವ ಟೂಲ್ ನಿಮ್ಮ ಶಾಪ್‌ನಲ್ಲಿ ಇಲ್ಲ ಅಂದರೆ ಆ ಪ್ರೋಗ್ರಾಂ ಬರೀ ಚಿತ್ರ.

## 1. ಹಿಡಿತ ತೀರ್ಮಾನ ಮಾಡಿ, ಕಾಗದದ ಮೇಲೆ

ನಮ್ಮ ಪೀಸ್ 28 ದಪ್ಪ. ಮೇಲಿಂದ 1 ಮಿ.ಮೀ. ಫೇಸಿಂಗ್ (ಮೇಲ್ಮೈ ಸಮ ಮಾಡೋದು), ನಂತರ 20 ಜಾಬ್, ಕೆಳಗೆ 7 ಉಳಿಯುತ್ತದೆ. ಆ 7ರಲ್ಲಿ 5.5 ಮಿ.ಮೀ. ಅನ್ನು ವೈಸ್ ಹಿಡಿಯಲಿ. ಹೊರಗಿನ ಅಂಚನ್ನು ಜಾಬ್‌ನ ತಳಕ್ಕಿಂತ 0.5 ಕೆಳಗಿನವರೆಗೆ ಕಡಿದರೂ ಟೂಲ್ ತುದಿಗೂ ಜಾ ಮೇಲ್ಭಾಗಕ್ಕೂ ನಡುವೆ 1 ಮಿ.ಮೀ. ಉಳಿಯುತ್ತದೆ. ಈ ಲೆಕ್ಕವನ್ನು ಕೈಯಲ್ಲೇ ಚಿತ್ರ ಬರೆದು ಮಾಡಿ. ವೈಸ್ ಎಲ್ಲಿದೆ ಅಂತ ನೀವು ಹೇಳದೆ ಕ್ಯಾಮ್‌ಗೆ ಗೊತ್ತಾಗಲ್ಲ. ಗೊತ್ತಿಲ್ಲದ ವೈಸ್‌ಗೆ ಅದು ಸಿಮ್ಯುಲೇಶನ್‌ನಲ್ಲಿ ಹೊಡೆಯೋದೂ ಇಲ್ಲ.

ಎರಡನೇ ಸೆಟಪ್‌ನಲ್ಲಿ ಪೀಸ್ ತಿರುಗಿಸಿ, ಮುಗಿದ 60ರ ಅಗಲವನ್ನು 12 ಮಿ.ಮೀ. ಆಳಕ್ಕೆ ಹಿಡಿದು, ಉಳಿದ 7 ತೆಗೆದರೆ ಆಯಿತು.

5.5 ಹಿಡಿತ ಕಡಿಮೆ ಅನಿಸುತ್ತದೆ, ಅಲ್ವಾ? ಅಲ್ಯೂಮಿನಿಯಂಗೆ, ಜಾ ನೆಟ್ಟಗಿದ್ದು ಪೀಸ್‌ನ ಪಕ್ಕಗಳು ಚಪ್ಪಟೆ ಇದ್ದರೆ ನಡೆಯುತ್ತದೆ. ಗರಗಸದಲ್ಲಿ ಕತ್ತರಿಸಿದ ಸೊಟ್ಟ ಮುಖವನ್ನೇ ಹಿಡಿಯಬೇಕಾಗಿ ಬಂದರೆ ಬೇಡ, ಇನ್ನೂ ದಪ್ಪ ಪೀಸ್ ಕೇಳಿ ಪಡೆಯಿರಿ.

## 2. ಸೆಟಪ್: ಸ್ಟಾಕ್ ಮತ್ತು ಸೊನ್ನೆ

ಈಗ ಸಾಫ್ಟ್‌ವೇರ್ ತೆರೆಯಬಹುದು. ಹೊಸ ಸೆಟಪ್, ಸ್ಟಾಕ್ (ಕಚ್ಚಾ ಪೀಸ್) ಫಿಕ್ಸೆಡ್ ಸೈಜ್ ಬಾಕ್ಸ್, ನೀವು ಅಳೆದ ಅಳತೆಯೇ. ಮಾಡೆಲ್ ಸ್ಟಾಕ್‌ನ ತಳದಿಂದ 7 ಮೇಲೆ ಕೂರಬೇಕು. ಇದನ್ನು ಮರೆತರೆ ಮಾಡೆಲ್ ಸ್ಟಾಕ್‌ನ ಮಧ್ಯದಲ್ಲಿ ಕೂತಿರುತ್ತದೆ, ಆಮೇಲಿನ ಯಾವ ಎತ್ತರವೂ ಸರಿ ಹೋಗಲ್ಲ.

ಸೊನ್ನೆ ಎಲ್ಲಿಡಬೇಕು ಅನ್ನೋದರ ಬಗ್ಗೆ ಜಗಳಗಳಿವೆ. ಪೀಸ್‌ನ ಮೇಲ್ಭಾಗ ಅಂತ ತುಂಬಾ ಜನ ಹೇಳುತ್ತಾರೆ. ಹೊಸಬರಿಗೆ ನಾನು ಹೇಳೋದು ಬೇರೆ: ಝಡ್ ಸೊನ್ನೆಯನ್ನು ಪ್ಯಾರಲಲ್‌ನ ಮೇಲ್ಮೈಗೆ, ಅಂದರೆ ಸ್ಟಾಕ್‌ನ ತಳಕ್ಕೆ ಇಡಿ. ಎಕ್ಸ್ ಸೊನ್ನೆ ಎಡಗಡೆಯ ಸ್ಟಾಪರ್ ಕಡೆ, ವೈ ಸೊನ್ನೆ ಅಲುಗಾಡದ ಜಾ ಕಡೆ. ಮೂರೂ ಮಷಿನ್ ಮೇಲೆ ಸರಿಯದ ಜಾಗಗಳು. ಕಚ್ಚಾ ಪೀಸ್ ಅರ್ಧ ಮಿ.ಮೀ. ಹೆಚ್ಚುಕಡಿಮೆ ಬಂದರೂ ಸೊನ್ನೆ ಬದಲಾಗಲ್ಲ, ಮುಂದಿನ ಪೀಸ್‌ಗೆ ಮತ್ತೆ ಟಚ್ ಮಾಡಬೇಕಿಲ್ಲ.

ಇನ್ನೊಂದು ಲಾಭ ಇದೆ, ನನಗೆ ಅದೇ ದೊಡ್ಡದು. ಹೀಗಿಟ್ಟರೆ ಪ್ರೋಗ್ರಾಂನಲ್ಲಿ ಕಡಿಯುವ ಪ್ರತಿ ಝಡ್ ಕೂಡ ಪ್ಲಸ್‌ನಲ್ಲೇ ಇರುತ್ತದೆ. ಮುಗಿದ ಮೇಲ್ಮೈ ಝಡ್ 27, ಜಾಬ್ ತಳ ಝಡ್ 7, ಜಾ ಮೇಲ್ಭಾಗ ಝಡ್ 5.5. ಫೈಲ್‌ನಲ್ಲಿ 5.5ಕ್ಕಿಂತ ಕಡಿಮೆ ಝಡ್ ಕಂಡರೆ, ಅದರಲ್ಲೂ ಮೈನಸ್ ಕಂಡರೆ, ಎಲ್ಲೋ ತಪ್ಪಿದೆ ಅಂತಲೇ ಅರ್ಥ. ನೋಟ್‌ಪ್ಯಾಡ್‌ನಲ್ಲಿ ಹುಡುಕಿದರೂ ಸಿಗುತ್ತದೆ. ಟೂಲ್ ಚೇಂಜ್ ಹತ್ತಿರ ಬರುವ ಜಿ28 ಸಾಲಿನ ಝಡ್ ಸೊನ್ನೆ ಮಾತ್ರ ಇದಕ್ಕೆ ಹೊರತು, ಅದು ಮೇಲಕ್ಕೆ ಹೋಗುವ ಆಜ್ಞೆ.

ಆಕ್ಸಿಸ್ ದಿಕ್ಕನ್ನೂ ನೋಡಿ. ಝಡ್ ಬಾಣ ಮೇಲಕ್ಕೆ, ಎಕ್ಸ್ ಬಾಣ ಮಷಿನ್ ಎದುರು ನಿಂತವರ ಬಲಕ್ಕೆ. ಮಾಡೆಲ್ ಬೇರೆ ಕಡೆಯಿಂದ ಬಂದಿದ್ದರೆ ಇದು ತಿರುಗಿರುವುದೇ ಜಾಸ್ತಿ.

ಪೋಸ್ಟ್ ಪ್ರೊಸೆಸ್ ಟ್ಯಾಬ್‌ನಲ್ಲಿ ಆಫ್‌ಸೆಟ್ ನಂಬರ್ (ಮಷಿನ್ ಯಾವ ಸೊನ್ನೆ ಬಳಸಬೇಕು ಅನ್ನೋದು) ಇದೆ. 1 ಅಂದರೆ ಜಿ54, 2 ಅಂದರೆ ಜಿ55. ಸೊನ್ನೆ ಬಿಟ್ಟರೂ ಜಿ54 ಬರುತ್ತದೆ. ಎರಡನೇ ಸೆಟಪ್‌ಗೆ 2 ಹಾಕೋದು ಮರೆತರೆ ಅದೂ ಜಿ54ಕ್ಕೇ ಹೋಗುತ್ತದೆ.

## 3. ಟೂಲ್‌ಗಳು, ನಂಬರ್, ಹೊರಚಾಚು

ಈ ಜಾಬ್‌ಗೆ ಆರು ಟೂಲ್: ಟಿ1 50ರ ಫೇಸ್‌ಮಿಲ್, ಟಿ2 10ರ ಮೂರು ಹಲ್ಲಿನ ಕಾರ್ಬೈಡ್ ಎಂಡ್‌ಮಿಲ್ ರಫಿಂಗ್‌ಗೆ (ಒರಟು ಕಡಿತ), ಟಿ3 ಅಂಥದ್ದೇ ಹೊಸದು ಫಿನಿಶಿಂಗ್‌ಗೆ (ಕೊನೆಯ ನಯವಾದ ಕಡಿತ), ಟಿ4 90 ಡಿಗ್ರಿ ಸ್ಪಾಟ್ ಡ್ರಿಲ್, ಟಿ5 5.0 ಡ್ರಿಲ್, ಟಿ6 ಎಂ6 ಸ್ಪೈರಲ್ ಟ್ಯಾಪ್.

ಅಲ್ಯೂಮಿನಿಯಂಗೆ ನಾಲ್ಕು ಹಲ್ಲಿನದು ಹಾಕಬೇಡಿ. ಹಲ್ಲುಗಳ ನಡುವೆ ಜಾಗ ಕಡಿಮೆ, ಚಿಪ್ ಅಲ್ಲೇ ತುಂಬಿ ಅಂಟಿಕೊಳ್ಳುತ್ತದೆ. ಪಾಕೆಟ್ ಮೂಲೆ ಆರ್6 ಇರೋದರಿಂದ 10ರ ಟೂಲ್ ಸರಿ. ಮೂಲೆ ಆರ್5 ಆಗಿದ್ದಿದ್ದರೆ 10 ಬೇಡ, 8 ತಗೊಳ್ಳಿ. ಮೂಲೆಯ ತ್ರಿಜ್ಯ, ಟೂಲ್‌ನ ತ್ರಿಜ್ಯ ಎರಡೂ ಒಂದೇ ಆದಾಗ ಟೂಲ್ ಮೂಲೆಯಲ್ಲಿ ಸುತ್ತು ಹಾಕಲ್ಲ, ಹೋಗಿ ನಿಂತು ತಿರುಗುತ್ತದೆ. ಆಗ ಕಿರುಚುತ್ತದೆ, ಮೂಲೆಯಲ್ಲಿ ಗೆರೆ ಬೀಳುತ್ತದೆ.

ಹೊರಗಿನ ಅಂಚು 20.5 ಆಳಕ್ಕೆ ಕಡಿಯಬೇಕು. ಹಾಗಾಗಿ ಹಲ್ಲಿನ ಉದ್ದ ಕನಿಷ್ಠ 22 ಇರುವ ಟೂಲ್ ಬೇಕು, ಕೊಲೆಟ್‌ನಿಂದ ಹೊರಗೆ 30 ಬಿಟ್ಟರೆ ಸಾಕು. ಜಾಸ್ತಿ ಬಿಟ್ಟಷ್ಟೂ ಟೂಲ್ ಬಾಗುತ್ತದೆ. ನೀವು ಬಿಟ್ಟ ಆ ಅಳತೆಯನ್ನೇ ಲೈಬ್ರರಿಯಲ್ಲೂ ಹಾಕಿ, ಹೋಲ್ಡರ್ ಕೂಡ ಸೇರಿಸಿ. ಹೋಲ್ಡರ್ ಇಲ್ಲದ ಸಿಮ್ಯುಲೇಶನ್ ಅರ್ಧ ಸುಳ್ಳು.

ಕೊನೆಗೆ ನಂಬರ್. ಲೈಬ್ರರಿಯಿಂದ ಎಳೆದು ತಂದ ಟೂಲ್‌ಗಳಿಗೆ ಒಂದೇ ನಂಬರ್ ಇರಬಹುದು, ಇಲ್ಲವೇ ಟೂಲ್ ನಂಬರ್ 3 ಇದ್ದು ಲೆಂಗ್ತ್ ಆಫ್‌ಸೆಟ್ (ಟೂಲ್ ಉದ್ದದ ನಂಬರ್, ಎಚ್) 1 ಇರಬಹುದು. ಟಿ3ಗೆ ಎಚ್1 ಹೋದರೆ ಕಂಟ್ರೋಲ್ ಫೇಸ್‌ಮಿಲ್‌ನ ಉದ್ದವನ್ನು ಎಂಡ್‌ಮಿಲ್‌ಗೆ ಹಚ್ಚುತ್ತದೆ. ಎಂಡ್‌ಮಿಲ್ ಉದ್ದ ಜಾಸ್ತಿ ಇದ್ದರೆ ನೇರವಾಗಿ ಪೀಸ್ ಒಳಗೆ. ಟಿ (ಟೂಲ್), ಎಚ್ (ಉದ್ದ), ಡಿ (ತ್ರಿಜ್ಯದ ಆಫ್‌ಸೆಟ್) ಮೂರಕ್ಕೂ ಒಂದೇ ನಂಬರ್ ಇಡಿ, ತಲೆನೋವಿಲ್ಲ.

## 4. ಸ್ಪೀಡ್, ಫೀಡ್: ಲೆಕ್ಕ ನೀವೇ ಮಾಡಿ

ಲೈಬ್ರರಿಯಲ್ಲಿ ತಾನಾಗಿ ಬಂದ ಸಂಖ್ಯೆ ಬಳಸಬೇಡಿ. ಸೂತ್ರ ಎರಡೇ. ಆರ್‌ಪಿಎಂ ಬೇಕಾದರೆ ಕಟಿಂಗ್ ಸ್ಪೀಡ್ ಅನ್ನು 1000ದಿಂದ ಗುಣಿಸಿ, 3.14 ಮತ್ತು ವ್ಯಾಸದಿಂದ ಭಾಗಿಸಿ. ಫೀಡ್ ಬೇಕಾದರೆ ಆರ್‌ಪಿಎಂ, ಹಲ್ಲುಗಳ ಸಂಖ್ಯೆ, ಒಂದು ಹಲ್ಲಿನ ಕಡಿತ ಈ ಮೂರನ್ನು ಗುಣಿಸಿ.

ಅಲ್ಯೂಮಿನಿಯಂ, ಕಾರ್ಬೈಡ್, ಮೊದಲ ಸಲಕ್ಕೆ ನಿಮಿಷಕ್ಕೆ 200 ಮೀಟರ್ ಹಿಡಿಯೋಣ. 10ರ ಟೂಲ್‌ಗೆ ಸುಮಾರು 6370 ಬರುತ್ತದೆ, 6000 ಹಾಕಿ. ಹಲ್ಲಿಗೆ 0.05 ಅಂದರೆ 6000 × 3 × 0.05, ಫೀಡ್ 900. ಇದೇ ಜಾಬ್ ಇಎನ್8 ಉಕ್ಕಿನಲ್ಲಿ ಆಗಿದ್ದರೆ 100 ಮೀಟರ್‌ನಿಂದ ಶುರು ಮಾಡಿ, ನಾಲ್ಕು ಹಲ್ಲಿನ ಟೂಲ್, ಆರ್‌ಪಿಎಂ 3200 ಹತ್ತಿರ.

ಭಯಕ್ಕೆ ಫೀಡ್ ಮಾತ್ರ ಕಾಲು ಭಾಗಕ್ಕೆ ಇಳಿಸುವವರು ತುಂಬಾ ಜನ. ಸ್ಪಿಂಡಲ್ ಅಷ್ಟೇ ವೇಗದಲ್ಲಿ ತಿರುಗುತ್ತಿದ್ದರೆ ಹಲ್ಲು ಕಡಿಯೋದು ಬಿಟ್ಟು ಉಜ್ಜುತ್ತದೆ, ಬಿಸಿಯಾಗುತ್ತದೆ, ಅಲ್ಯೂಮಿನಿಯಂ ಅಂಟುತ್ತದೆ, ಟೂಲ್ ಮುರಿಯುತ್ತದೆ. ಹುಷಾರಾಗಿ ಹೋಗಬೇಕಾದರೆ ಕಡಿತದ ಅಗಲ ಕಡಿಮೆ ಮಾಡಿ, ಇಲ್ಲಾ ಎರಡನ್ನೂ ಒಟ್ಟಿಗೆ ಇಳಿಸಿ.

## 5. ಟೂಲ್‌ಪಾತ್‌ಗಳು, ಈ ಕ್ರಮದಲ್ಲೇ

ಫೇಸ್. ಝಡ್ 28ರಿಂದ 27ಕ್ಕೆ. ಇದರಲ್ಲಿ ಹೇಳುವಂಥದ್ದೇನೂ ಇಲ್ಲ, ಟೂಲ್ ಪೀಸ್‌ನ ಹೊರಗಿಂದ ಒಳಗೆ ಬರುತ್ತಿದೆಯಾ ನೋಡಿ ಸಾಕು.

ರಫಿಂಗ್, 2ಡಿ ಅಡಾಪ್ಟಿವ್. ಹೊರಗಿನ ಅಂಚಿಗೊಂದು, ಪಾಕೆಟ್‌ಗೊಂದು. ಅಡಾಪ್ಟಿವ್‌ನಲ್ಲಿ ಟೂಲ್ ಆಳಕ್ಕೆ ಜಾಸ್ತಿ, ಅಗಲಕ್ಕೆ ಕಡಿಮೆ ಕಡಿಯುತ್ತದೆ. ಆಪ್ಟಿಮಲ್ ಲೋಡ್ ಅಂತ ಕೇಳುತ್ತದಲ್ಲ, ಅದಕ್ಕೆ ವ್ಯಾಸದ ಶೇ 15, ಅಂದರೆ 1.5 ಹಾಕಿ. ಕಡಿತದ ಅಗಲ ಇಷ್ಟು ಕಡಿಮೆ ಇದ್ದಾಗ ಚಿಪ್ ತೆಳ್ಳಗಾಗುತ್ತದೆ, ಅದಕ್ಕೇ ಹಲ್ಲಿಗೆ 0.07ಕ್ಕೆ ಏರಿಸಬಹುದು. ಫೀಡ್ 1260 ಆಗುತ್ತದೆ. ಪಕ್ಕಗಳಲ್ಲಿ 0.3, ತಳದಲ್ಲಿ 0.2 ಉಳಿಸಿ.

ಪಾಕೆಟ್ ಒಳಗೆ ಟೂಲ್ ಇಳಿಯುವ ರೀತಿ ನೋಡಿ. ನೇರ ಕೆಳಗೆ ಚುಚ್ಚುವಂತೆ ಇದ್ದರೆ ಬದಲಿಸಿ. ಹೆಲಿಕ್ಸ್ (ಸುರುಳಿಯಾಗಿ ಇಳಿಯೋದು) ಹಾಕಿ, ರ‍್ಯಾಂಪ್ ಕೋನ 2 ಡಿಗ್ರಿ. ತುದಿಯ ಮಧ್ಯದವರೆಗೆ ಹಲ್ಲಿಲ್ಲದ ಎಂಡ್‌ಮಿಲ್‌ಗಳಿವೆ, ಅವು ನೇರ ಇಳಿದರೆ ಮುಗಿಯಿತು.

ಫಿನಿಶಿಂಗ್, ಮೊದಲು ತಳ ಆಮೇಲೆ ಗೋಡೆ. ಪಾಕೆಟ್ ತಳಕ್ಕೆ 2ಡಿ ಪಾಕೆಟ್, ಗೋಡೆಗೆ 0.3 ಉಳಿಸಿಕೊಂಡೇ. ನಂತರ ಗೋಡೆಗಳಿಗೆ 2ಡಿ ಕಾಂಟೂರ್, ಟಿ3ರಲ್ಲಿ. ಹೊರಗಿನ ಅಂಚಿಗೆ ಬಾಟಮ್ ಹೈಟ್ ಝಡ್ 6.5 ಬರಬೇಕು: ಮಾಡೆಲ್ ಬಾಟಮ್, ಆಫ್‌ಸೆಟ್ ಮೈನಸ್ 0.5. ಅಲ್ಲಿ ಸ್ಟಾಕ್ ಬಾಟಮ್ ಅಂತ ಆಯ್ಕೆ ಆಗಿದ್ದರೆ ಟೂಲ್ ಝಡ್ ಸೊನ್ನೆಗೆ ಹೋಗಿ ವೈಸ್‌ನ ಜಾ ಮೇಲೆ ಹೊಡೆಯುತ್ತದೆ. ಡ್ರಾಪ್‌ಡೌನ್‌ನಲ್ಲಿ ಒಂದು ಪದ ತಪ್ಪಿದರೆ ವೈಸ್ ಹೋಯಿತು. ಹೈಟ್ಸ್ ಟ್ಯಾಬ್ ತೆರೆಯದೆ ಯಾವ ಆಪರೇಶನ್‌ಗೂ ಓಕೆ ಒತ್ತಬೇಡಿ.

ಕಾಂಟೂರ್‌ನಲ್ಲೇ ಬರುವ ಇನ್ನೊಂದು ಗೊಂದಲ, ಕಾಂಪನ್ಸೇಶನ್: ಟೂಲ್‌ನ ತ್ರಿಜ್ಯದಷ್ಟು ದಾರಿಯನ್ನು ಪಕ್ಕಕ್ಕೆ ಸರಿಸೋದು. ಇದನ್ನು ನಿಧಾನವಾಗಿ ಓದಿ, ಸೈಜ್ ಕೆಡುವ ತೊಂದರೆ ಜಾಸ್ತಿ ಹುಟ್ಟೋದು ಇಲ್ಲೇ.

ಇನ್ ಕಂಪ್ಯೂಟರ್ ಅಂತ ಇಟ್ಟರೆ ಟೂಲ್‌ನ ತ್ರಿಜ್ಯ 5 ಅನ್ನು ಕ್ಯಾಮ್ ತಾನೇ ಕಳೆದು ದಾರಿ ಬರೆಯುತ್ತದೆ. ಜಿ41 (ಮಷಿನ್ ತಾನೇ ದಾರಿ ಸರಿಸುವ ಆಜ್ಞೆ) ಬರಲ್ಲ. ಸೈಜ್ 0.03 ತಿದ್ದಬೇಕಾದರೆ ಮಷಿನ್ ಮೇಲೆ ಆಗಲ್ಲ, ಮತ್ತೆ ಪೋಸ್ಟ್ ಮಾಡಬೇಕು. ಇನ್ ಕಂಟ್ರೋಲ್ ಅಂತ ಇಟ್ಟರೆ ಕ್ಯಾಮ್ ಜಾಬ್‌ನ ಅಂಚನ್ನೇ ಬರೆಯುತ್ತದೆ, ಮಷಿನ್‌ನ ಡಿ ಆಫ್‌ಸೆಟ್‌ನಲ್ಲಿ 5 ಇರಲೇಬೇಕು. ವೇರ್ ಅಂತ ಇಟ್ಟರೆ ಕ್ಯಾಮ್ 5 ಕಳೆದಿರುತ್ತದೆ, ಜೊತೆಗೆ ಜಿ41 ಕೂಡ ಬರುತ್ತದೆ, ಡಿ ಸೊನ್ನೆಯಿಂದ ಶುರು.

ನೀವು ವೇರ್ ಹಾಕಿ, ಸೆಟ್ಟರ್ (ಮಷಿನ್ ಸಿದ್ಧ ಮಾಡುವವರು) ರೂಢಿಯಂತೆ ಡಿ3ರಲ್ಲಿ 5 ತುಂಬಿದರೆ ಟೂಲ್ ಇನ್ನೂ 5 ದೂರ ಸರಿಯುತ್ತದೆ, ಹೊರಗಿನ ಅಳತೆ 110 ಆಗುವಷ್ಟು. ಅಷ್ಟು ಲೋಹವೇ ಅಲ್ಲಿಲ್ಲ, ಟೂಲ್ ಗಾಳಿಯಲ್ಲಿ ಸುತ್ತು ಹಾಕುತ್ತದೆ. ಇದರ ಉಲ್ಟಾ ಆದರೆ ಕೆಟ್ಟದ್ದು: ಇನ್ ಕಂಟ್ರೋಲ್ ಪ್ರೋಗ್ರಾಂ, ಡಿ ಸೊನ್ನೆ. ಟೂಲ್‌ನ ಮಧ್ಯ ಅಂಚಿನ ಮೇಲೇ ಹೋಗಿ ಸುತ್ತಲೂ 5 ತಿಂದು ಹಾಕುತ್ತದೆ. ವೇರ್ ಬಳಸಿ, ಅದನ್ನು ಸೆಟಪ್ ಶೀಟ್‌ನಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ, ಮಷಿನ್ ಮೇಲಿರುವವರಿಗೆ ಬಾಯಿಬಿಟ್ಟೂ ಹೇಳಿ.

ಜಿ41 ಶುರುವಾಗುವ ಸಾಲು ನೇರ ಗೆರೆ ಆಗಿರಬೇಕು. ಲೀಡ್ ಇನ್‌ನಲ್ಲಿ (ಟೂಲ್ ಅಂಚಿಗೆ ಬರುವ ದಾರಿ) ಬರೀ ಆರ್ಕ್ ಇದ್ದು ನೇರ ಭಾಗ ಸೊನ್ನೆ ಆಗಿದ್ದರೆ ಫ್ಯಾನಕ್ 034 ಅಲಾರಂ ಕೊಟ್ಟು ನಿಲ್ಲುತ್ತದೆ. ನೇರ ಭಾಗಕ್ಕೆ 1 ಮಿ.ಮೀ. ಆದರೂ ಕೊಡಿ.

ರಂಧ್ರಗಳು. ಸ್ಪಾಟ್ ಡ್ರಿಲ್ ಅನ್ನು 3.25 ಆಳಕ್ಕೆ ಇಳಿಸಿದರೆ 90 ಡಿಗ್ರಿಗೆ 6.5 ವ್ಯಾಸದ ಬಾಯಿ ಬರುತ್ತದೆ, ಟ್ಯಾಪ್‌ಗೆ ಬೇಕಾದ ಚ್ಯಾಂಫರ್ ಅಲ್ಲೇ ಆಯಿತು. 5.0 ಡ್ರಿಲ್ 17 ಆಳ. ವ್ಯಾಸದ ಮೂರು ಪಟ್ಟಿಗಿಂತ ಆಳ ಇರೋದರಿಂದ ಜಿ83 ಪೆಕ್ (ಸ್ವಲ್ಪ ಸ್ವಲ್ಪವಾಗಿ ಇಳಿದು ಮೇಲೆ ಬರೋದು) ಹಾಕಿ. 118 ಡಿಗ್ರಿ ಡ್ರಿಲ್‌ನ ಮೊನೆ ವ್ಯಾಸದ 0.3 ಪಟ್ಟು, ಇಲ್ಲಿ 1.5 ಮಿ.ಮೀ. ಆಗುತ್ತದೆ. 17ರಲ್ಲಿ ಅದು ಕಳೆದು 15.5 ಪೂರ್ತಿ ವ್ಯಾಸ ಸಿಗುತ್ತದೆ, 12 ಥ್ರೆಡ್‌ಗೆ ಟ್ಯಾಪ್‌ನ ತುದಿಗೂ ಜಾಗ ಉಳಿಯುತ್ತದೆ.

ಟ್ಯಾಪ್‌ನಲ್ಲಿ ಫೀಡ್ ನಿಮ್ಮ ಇಷ್ಟ ಅಲ್ಲ. ಆರ್‌ಪಿಎಂ × ಪಿಚ್, ಅಷ್ಟೇ. ಎಂ6 ಪಿಚ್ 1, ಆರ್‌ಪಿಎಂ 400 ಆದರೆ ಫೀಡ್ 400. ಲೈಬ್ರರಿಯಲ್ಲಿ ಟ್ಯಾಪ್‌ನ ಪಿಚ್ ತಪ್ಪಿದ್ದರೆ ಟ್ಯಾಪ್ ಒಳಗೇ ಮುರಿಯುತ್ತದೆ. ಮಷಿನ್‌ನಲ್ಲಿ ರಿಜಿಡ್ ಟ್ಯಾಪಿಂಗ್ (ಸ್ಪಿಂಡಲ್ ತಿರುಗೋದೂ ಝಡ್ ಇಳಿಯೋದೂ ಹೊಂದಿಕೊಂಡು ನಡೆಯೋದು) ಇದೆಯಾ ಅಂತ ಕೇಳಿಕೊಳ್ಳಿ, ಇದ್ದರೆ ಜಿ84ಕ್ಕೆ (ಟ್ಯಾಪ್ ಆಜ್ಞೆ) ಮೊದಲು ಎಂ29 ಬರುತ್ತಿದೆಯಾ ನೋಡಿ.

ಅಂಚು ಮುರಿಯೋದು. ಅದೇ ಟಿ4ರಲ್ಲಿ 0.5 ಚ್ಯಾಂಫರ್, ಟಿಪ್ ಆಫ್‌ಸೆಟ್ 1. ಮೊನೆಯಲ್ಲಿ ಕಡಿಯುವ ವೇಗ ಸೊನ್ನೆ, ಮೊನೆಯಿಂದ ಕಡಿದರೆ ಬರ್ (ಅಂಚಿನಲ್ಲಿ ಉಳಿಯುವ ಚೂಪು ಎಳೆ) ಬರುತ್ತದೆ.

ಎರಡನೇ ಸೆಟಪ್ ಸುಲಭ. ಸ್ಟಾಕ್ ಅಂತ ಹಿಂದಿನ ಸೆಟಪ್‌ನ ಉಳಿಕೆಯನ್ನೇ ಕೊಡಿ. ಝಡ್ ಸೊನ್ನೆ ಮತ್ತೆ ಪ್ಯಾರಲಲ್ ಮೇಲೆ, ಮುಗಿದ ತಳ ಝಡ್ 20. ಟಿ2ರಲ್ಲಿ 0.3 ಬಿಟ್ಟು ತೆಗೆದು, ಟಿ1ರಲ್ಲಿ ಫೇಸ್ ಮಾಡಿ, ಟಿ4ರಲ್ಲಿ ಅಂಚು ಮುರಿಯಿರಿ. ಪೀಸ್ ಕೂರಿಸುವ ಮೊದಲು ಬರ್ ತೆಗೆದು ಒರೆಸಿ. ಒಂದು ಚಿಪ್ ಕೆಳಗೆ ಸಿಕ್ಕಿಕೊಂಡರೆ 20ರ ದಪ್ಪ ಒಂದು ಕಡೆ ತೆಳ್ಳಗೆ ಬರುತ್ತದೆ.

## 6. ಸಿಮ್ಯುಲೇಶನ್‌ನಲ್ಲಿ ಏನು ನೋಡಬೇಕು

ಪ್ಲೇ ಒತ್ತಿ ಚಹಾ ಕುಡಿಯೋದಲ್ಲ. ವೈಸ್‌ನ ಒಂದು ಒರಟು ಮಾಡೆಲ್, ಎರಡು ಡಬ್ಬ ಆದರೂ ಸಾಕು, ಸೆಟಪ್‌ನಲ್ಲಿ ಫಿಕ್ಸ್ಚರ್ ಅಂತ ಸೇರಿಸಿ. ಸ್ಟಾಕ್ ಮತ್ತು ಹೋಲ್ಡರ್ ಆನ್ ಮಾಡಿ, ಡಿಕ್ಕಿಯಲ್ಲಿ ನಿಲ್ಲುವಂತೆ ಇಡಿ. ಕೊನೆಯಲ್ಲಿ ಹೋಲಿಕೆಯ ಬಣ್ಣಗಳನ್ನು ನೋಡಿ: ಎಲ್ಲಿ ಲೋಹ ಉಳಿದಿದೆ, ಎಲ್ಲಿ ಜಾಸ್ತಿ ತಿಂದಿದೆ. ಒಂದು ಕಡೆ ಜಾಸ್ತಿ ತಿಂದಿದ್ದರೂ ಮುಂದೆ ಹೋಗಬೇಡಿ.

ಆದರೂ ಇದು ಜಿ-ಕೋಡ್ ಅನ್ನು ಓದಲ್ಲ, ಅದರ ಹಿಂದಿನ ಟೂಲ್‌ಪಾತ್ ಅನ್ನು ಮಾತ್ರ ತೋರಿಸುತ್ತದೆ. ಪೋಸ್ಟ್‌ನಲ್ಲಿ ಆಗುವ ತಪ್ಪು ಇಲ್ಲಿ ಕಾಣಲ್ಲ.

## 7. ಪೋಸ್ಟ್ ಮಾಡಿ, ಫೈಲ್ ಓದಿ

ಫ್ಯಾನಕ್‌ನ ಸಾಮಾನ್ಯ ಪೋಸ್ಟ್‌ನಿಂದ ಶುರು ಮಾಡಿ, ಆದರೆ ಅದೇ ಮಷಿನ್‌ನಲ್ಲಿ ಈಗಾಗಲೇ ಓಡುತ್ತಿರುವ ಒಂದು ಪ್ರೋಗ್ರಾಂ ಪಕ್ಕದಲ್ಲಿಟ್ಟು ತಲೆಭಾಗ, ಟೂಲ್ ಚೇಂಜ್, ಬಾಲ ಮೂರನ್ನೂ ಹೋಲಿಸಿ. ಪ್ರತಿ ಟೂಲ್‌ಗೂ ನೋಡಬೇಕಾದ್ದು: ಸರಿಯಾದ ಟಿ ಮತ್ತು ಎಂ6 (ಇಲ್ಲಿ ಟೂಲ್ ಬದಲಿಸುವ ಆಜ್ಞೆ), ಎಸ್ (ಆರ್‌ಪಿಎಂ) ಜೊತೆ ಎಂ3 (ಸ್ಪಿಂಡಲ್ ಆನ್), ಜಿ54 (ಎರಡನೇ ಸೆಟಪ್‌ನಲ್ಲಿ ಜಿ55), ಜಿ43 (ಟೂಲ್ ಉದ್ದ ಲೆಕ್ಕಕ್ಕೆ ತಗೊಳ್ಳುವ ಆಜ್ಞೆ) ಜೊತೆ ಅದೇ ನಂಬರಿನ ಎಚ್, ಮೊದಲ ಝಡ್ ಸ್ಟಾಕ್‌ಗಿಂತ ಮೇಲೆ.

ಕೈಯಲ್ಲಿ ತಿದ್ದಿದ ಸಾಲುಗಳಲ್ಲಿ ದಶಮಾಂಶ ಬಿಂದು ಹಾಕದೆ ಬಿಡಬೇಡಿ. ಎಷ್ಟೋ ಫ್ಯಾನಕ್ ಮಷಿನ್‌ಗಳಲ್ಲಿ ಎಕ್ಸ್10 ಅಂದರೆ 10 ಮಿ.ಮೀ. ಅಲ್ಲ, 10 ಮೈಕ್ರಾನ್. ಪ್ಯಾರಾಮೀಟರ್ ಹೇಗಿದೆಯೋ ಹಾಗೆ ಬದಲಾಗುತ್ತದೆ. 10 ಆದ ಮೇಲೆ ಒಂದು ಬಿಂದು (ಎಕ್ಸ್10.) ಹಾಕೋ ಅಭ್ಯಾಸ ಮಾಡಿಕೊಂಡರೆ ಆ ಯೋಚನೆಯೇ ಬೇಡ.

## 8. ಮಷಿನ್ ಮೇಲೆ ಮೊದಲ ಓಟ

ಪೀಸ್ ಇಲ್ಲದೆ ಗಾಳಿಯಲ್ಲಿ ಓಡಿಸೋಕೆ ಎಕ್ಸ್‌ಟ್ ಆಫ್‌ಸೆಟ್‌ನ (ಎಲ್ಲ ಸೊನ್ನೆಗಳಿಗೂ ಒಟ್ಟಿಗೆ ಸೇರುವ ಆಫ್‌ಸೆಟ್) ಝಡ್‌ನಲ್ಲಿ 50 ಹಾಕಿ. ಎಲ್ಲ ಟೂಲ್‌ಗಳೂ 50 ಮೇಲೆ ಓಡುತ್ತವೆ. ಮುಗಿದ ಮೇಲೆ ಅದನ್ನು ಸೊನ್ನೆ ಮಾಡಿದ್ದನ್ನು ಕಣ್ಣಾರೆ ನೋಡಿ.

ಪೀಸ್ ಕಟ್ಟಿದ ಮೇಲೆ ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡೋದು) ಆನ್, ರ‍್ಯಾಪಿಡ್ ಅತಿ ಕಡಿಮೆ, ಒಂದು ಕೈ ಫೀಡ್ ಹೋಲ್ಡ್ (ಚಲನೆ ತಡೆಯುವ ಬಟನ್) ಮೇಲೆ. ಪ್ರತಿ ಟೂಲ್ ಮೊದಲ ಸಲ ಇಳಿಯುವಾಗ ಪೀಸ್‌ನಿಂದ ಸ್ವಲ್ಪ ಮೇಲೆ ನಿಲ್ಲಿಸಿ, ಡಿಸ್ಟೆನ್ಸ್ ಟು ಗೋ ಓದಿ. ಕಣ್ಣಿಗೆ 10 ಮಿ.ಮೀ. ಅಂತರ ಕಾಣುತ್ತಿದ್ದು ಪರದೆ ಇನ್ನೂ 45 ಇಳಿಯಬೇಕು ಅಂತ ಹೇಳುತ್ತಿದ್ದರೆ ರೀಸೆಟ್ ಒತ್ತಿ, ಎಚ್ ನೋಡಿ. ಇದೊಂದು ರೂಢಿ ಇದ್ದರೆ ಸ್ಪಿಂಡಲ್ ಉಳಿಯುತ್ತದೆ.

ಕಡಿಯಲು ಶುರುವಾದ ಮೇಲೆ ಕಿವಿ ಕೊಡಿ. ಒಂದೇ ಸಮನೆ ಗುಂಯ್ ಅಂದರೆ ಸರಿ. ಕೀರಲು ಶಬ್ದ ಬಂದರೆ ಚಾಟರ್ (ಟೂಲ್ ನಡುಗುತ್ತಿದೆ): ಮೊದಲು ಆರ್‌ಪಿಎಂ ಶೇ 10 ಇಳಿಸಿ, ಹೋಗದಿದ್ದರೆ ಹೊರಚಾಚು ಕಡಿಮೆ ಮಾಡಿ. ಚಿಪ್ ಪುಡಿಪುಡಿ ಆಗಿದ್ದರೆ ಟೂಲ್ ಉಜ್ಜುತ್ತಿದೆ. ಹಲ್ಲಿನ ಮೇಲೆ ಬೆಳ್ಳಗೆ ಅಂಟಿದ್ದರೆ ಕೂಲಂಟ್ ಸರಿಯಾಗಿ ಬೀಳುತ್ತಿಲ್ಲ. ಪಾಕೆಟ್‌ನಲ್ಲಿ ಚಿಪ್ ತುಂಬಿಕೊಂಡರೆ ನಿಲ್ಲಿಸಿಯೇ ತೆಗೆಯಿರಿ, ಸ್ಪಿಂಡಲ್ ತಿರುಗುತ್ತಿರುವಾಗ ಬ್ರಷ್ ಕೂಡ ಒಳಗೆ ಹಾಕಬೇಡಿ. ಕೈಗವಸು ಹಾಕಿ ಮಷಿನ್ ಓಡಿಸೋದಂತೂ ಬೇಡವೇ ಬೇಡ.

## 9. ಅಳೆದು ತಿದ್ದೋದು

ಮೊದಲ ಪೀಸನ್ನು ವೈಸ್‌ನಿಂದ ಬಿಚ್ಚುವ ಮೊದಲೇ ಅಳೆಯಿರಿ. ಹೊರಗೆ 100.06, ಪಾಕೆಟ್ 59.94 ಬಂತು ಅನ್ನಿ. ಎರಡೂ ಹೇಳೋದು ಒಂದೇ: ಟೂಲ್ ಪ್ರತಿ ಪಕ್ಕಕ್ಕೆ 0.03 ಕಡಿಮೆ ಕಡಿದಿದೆ. ಡಿ3ರ ವೇರ್‌ನಲ್ಲಿ ಮೈನಸ್ 0.03 ಹಾಕಿ, ಕಂಟ್ರೋಲ್ ತ್ರಿಜ್ಯದ ಲೆಕ್ಕದಲ್ಲಿದ್ದರೆ. ಟಿ3ರ ಕಾಂಟೂರ್‌ಗಳನ್ನು ಮತ್ತೊಮ್ಮೆ ಓಡಿಸಿ. ಆಳ 7.95 ಇದ್ದರೆ ಎಚ್3ರ ವೇರ್‌ನಲ್ಲಿ ಮೈನಸ್ 0.05, ಪಾಕೆಟ್ ತಳವನ್ನೂ ಮತ್ತೆ ಓಡಿಸಿ.

ಹೊರಗಿನದು ದೊಡ್ಡದಾಗಿ, ಪಾಕೆಟ್ ಕೂಡ ದೊಡ್ಡದಾಗಿ ಬಂದಿದ್ದರೆ ಡಿ ಮುಟ್ಟಬೇಡಿ. ಅದು ಟೂಲ್‌ನ ತಪ್ಪಲ್ಲ. ಯಾವುದೋ ಒಂದು ಆಪರೇಶನ್‌ನಲ್ಲಿ ಉಳಿಸುವ ಅಳತೆ ತಪ್ಪಾಗಿ ಕೂತಿರುತ್ತದೆ, ಕ್ಯಾಮ್‌ಗೆ ವಾಪಸ್ ಹೋಗಿ ಸ್ಟಾಕ್ ಟು ಲೀವ್ ನೋಡಿ. ಅಳತೆ ಸರಿ ಇದ್ದು ಪಾಕೆಟ್ ಮಾತ್ರ ಮಧ್ಯದಿಂದ ಸರಿದಿದ್ದರೆ, ಹೊರಗಿನ ಅಂಚು ಮತ್ತು ಪಾಕೆಟ್ ಎರಡೂ ಒಂದೇ ಸೆಟಪ್‌ನಲ್ಲಿ ಆಗಿರೋದರಿಂದ, ಪೀಸ್ ವೈಸ್‌ನಲ್ಲಿ ಜಾರಿದೆ. ಆಗ ಪ್ರೋಗ್ರಾಂ ತಿದ್ದಿ ಉಪಯೋಗವಿಲ್ಲ, ಒಂದನೇ ಹಂತದ ಆ 5.5 ಮಿ.ಮೀ.ಯನ್ನೇ ಮತ್ತೆ ನೋಡಬೇಕು.